ಹಲ್ಲೆಲೂಯದ ಹಕಾರ

ಇಥಿಯೋಪಿಯದ ಚರ್ಚಿನ ಶಾಲೆಗಳಲ್ಲಿ ಮಕ್ಕಳು ಕಲಿಯುವ ಅಕ್ಷರಮಾಲೆಗೆ ಫಿದೆಲ್ ಎಂದು ಹೆಸರು. ಅದು ಶುರುವಾಗುವುದು ಹಕಾರದಿಂದ. ಅದರಲ್ಲಿ ಹಕಾರ ಒಂದಲ್ಲ, ಮೂರಿವೆ. ಅಲ್ಲಿನ ದೊಡ್ಡ ಭಾಷೆಗಳಲ್ಲೊಂದಾದ ಅಮ್ಹಾರಿಕ್‌ನಲ್ಲಿ ಈ ಮೂರರ ಉಚ್ಚಾರವೂ ಇವತ್ತು ಒಂದೇ. ಕಿವಿಯಿಂದ ಬೇರ್ಪಡಿಸಲು ಆಗದ್ದರಿಂದ ಮೂರಕ್ಕೂ ಒಂದೊಂದು ಹೆಸರಿಟ್ಟುಕೊಂಡಿದ್ದಾರೆ: ಮೊದಲನೆಯದು ಹಲ್ಲೆಲೂಯದ ಹ, ಎರಡನೆಯದು ಹಡಗಿನ ಹ, ಮೂರನೆಯದು ಬಹುಜನರ ಹ. ಯಾವ ಪದದಲ್ಲಿ ಅದು ಬರುತ್ತದೋ ಆ ಪದವೇ ಅದರ ಗುರುತು. ದೇವರನ್ನು ಕರೆಯುವ ಎಗ್ಜಿಅಬ್ಹೇರ್ ಎಂಬ ಮಾತನ್ನು ಹಡಗಿನ ಹಕಾರದಲ್ಲೇ ಬರೆಯಬೇಕು. ಚಕ್ರವರ್ತಿ ಹೈಲೆ ಸೆಲಾಸಿಯ ಹೆಸರಿಗೆ ತ್ರಯೇಕ ದೇವರ ಬಲ ಎಂದು ಅರ್ಥ. ಅದು ಬಹುಜನರ ಹಕಾರದಿಂದ ಶುರುವಾಗುತ್ತದೆ. ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದರೆ ಗಟ್ಟಿಯಾಗಿ ಓದುವಾಗ ಯಾರಿಗೂ ಗೊತ್ತಾಗುವುದಿಲ್ಲ. ಆದರೂ ಸಂಪ್ರದಾಯ ಬಲ್ಲವರ ಕಣ್ಣಿಗೆ ಅದು ತಪ್ಪು. ಕಿವಿಗೆ ಕೇಳಿಸದ ಈ ವ್ಯತ್ಯಾಸ ಹಾಗಾದರೆ ಇರುವುದೆಲ್ಲಿ? ಒಂದು ಅಕ್ಷರ ಇನ್ನೊಂದರಿಂದ ಬೇರೆ ಎನ್ನುವಾಗ ನಾವು ಯಾವುದನ್ನು ಬೇರೆ ಎನ್ನುತ್ತಿದ್ದೇವೆ?

ಇದು ನಮ್ಮ ದರ್ಶನಕಾರರು ಶತಮಾನಗಳ ಕಾಲ ವಾದಿಸಿದ ಪ್ರಶ್ನೆ. ಅದು ಈಗ ಕಂಪ್ಯೂಟರಿನ ಬಾಗಿಲಲ್ಲಿ ಮತ್ತೆ ಬಂದು ನಿಂತಿದೆ. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಆದ್ದರಿಂದ ಜಗತ್ತಿನ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯುನಿಕೋಡ್ ಎಂಬ ಪಟ್ಟಿ ಹುಟ್ಟಿತು. ಅದರಲ್ಲಿ ಹಲ್ಲೆಲೂಯದ ಹಕಾರದ ಸಂಖ್ಯೆ 4608. ಹಡಗಿನ ಹಕಾರದ್ದು 4624. ಬಹುಜನರ ಹಕಾರದ್ದು 4736. ಇವನ್ನು ಕಡತದಲ್ಲಿ ಉಳಿಸುವಾಗ ಯುಟಿಎಫ್-8 ಎಂಬ ಕ್ರಮ ಒಂದೊಂದನ್ನೂ ಮೂರು ಬೈಟುಗಳಾಗಿ ಒಡೆಯುತ್ತದೆ. 4608 ಎಂಬುದು 225, 136, 128 ಆಗುತ್ತದೆ. ಮೊದಲ ಬೈಟನ್ನು ಸೊನ್ನೆ-ಒಂದರ ಭಾಷೆಯಲ್ಲಿ ಬರೆದರೆ 11100001. ಆರಂಭದ ಮೂರು ಒಂದುಗಳು ಈ ಅಕ್ಷರಕ್ಕೆ ಒಟ್ಟು ಮೂರು ಬೈಟು ಎಂದು ಹೇಳುತ್ತವೆ. ಉಳಿದೆರಡು ಬೈಟುಗಳು 10 ಎಂದು ಶುರುವಾಗಿ, ತಾವು ಹಿಂದಿನದರ ಮುಂದುವರಿಕೆ ಎಂದು ಸಾರುತ್ತವೆ. ಈ ಗುರುತಿನ ಅಂಕಿಗಳನ್ನು ಬದಿಗಿಟ್ಟು ಮಿಕ್ಕವನ್ನು ಸಾಲಾಗಿ ಜೋಡಿಸಿದರೆ ಮತ್ತೆ 4608 ಸಿಗುತ್ತದೆ. ಹಡಗಿನ ಹಕಾರ 225, 136, 144. ಎಂದರೆ ಕಡೆಯ ಬೈಟಿನಲ್ಲಿ ಒಂದೇ ಒಂದು ಸೊನ್ನೆ ಒಂದಾಗಿದೆ, ಅಷ್ಟೇ. ದೇವರ ಹೆಸರಿನ ಕಾಗುಣಿತ ಸರಿಯೋ ತಪ್ಪೋ ಎಂಬುದು ಯಂತ್ರದೊಳಗೆ ಇಷ್ಟು ಸಣ್ಣ ಗುರುತಿನ ಮೇಲೆ ನಿಂತಿದೆ.

ಈ ಸಂಖ್ಯೆ ಗುರುತಿಸುತ್ತಿರುವುದು ಏನನ್ನು? ಆಕಾರವನ್ನು ಎಂದು ಮೊದಲು ತೋರುತ್ತದೆ. ಹಲ್ಲೆಲೂಯದ ಹಕಾರ ಬಾಯಿ ತೆರೆದ ಬಟ್ಟಲಿನ ಹಾಗಿದೆ. ಹಡಗಿನ ಹಕಾರ ಮೂರು ಕಾಲಿನ ಮೇಲೆ ನಿಂತ ಕಮಾನಿನ ಹಾಗಿದೆ. ಆದರೆ ಬಟ್ಟಲು ಎಲ್ಲ ಕಡೆ ಒಂದೇ ತೆರನಾಗಿಲ್ಲ. ತಿಗ್ರಾಯ್ ಸೀಮೆಯ ಅಬ್ಬಾ ಗರಿಮಾ ಮಠದಲ್ಲಿರುವ ಸುವಾರ್ತೆಯ ಚರ್ಮದ ಹಸ್ತಪ್ರತಿಗಳು ರೇಡಿಯೋಕಾರ್ಬನ್ ಪರೀಕ್ಷೆಯ ಪ್ರಕಾರ 4ರಿಂದ 7ನೇ ಶತಮಾನದ ನಡುವಿನವು. ಅಲ್ಲಿ ಲಿಪಿಕಾರ ಜೊಂಡಿನ ಲೇಖನಿಯಲ್ಲಿ ಎಳೆದ ಬಟ್ಟಲು ಬೇರೆ, ಅಚ್ಚಿನ ಮೊಳೆಯ ಬಟ್ಟಲು ಬೇರೆ, ಮೊಬೈಲಿನ ಪರದೆಯ ನಯವಾದ ಬಟ್ಟಲು ಬೇರೆ. ಒಬ್ಬನೇ ಲಿಪಿಕಾರನ ಒಂದೇ ಪುಟದಲ್ಲೂ ಎರಡು ಬಟ್ಟಲು ಅಳತೆಗೆ ಸರಿಹೊಂದುವುದಿಲ್ಲ. ಇವೆಲ್ಲಕ್ಕೂ ಯುನಿಕೋಡ್ ಕೊಡುವ ಸಂಖ್ಯೆ ಒಂದೇ. ಆಕಾರವನ್ನು ಅದು ಫಾಂಟಿನ ಪಾಲಿಗೆ ಬಿಟ್ಟಿದೆ. ಹಾಗಾಗಿ ಸಂಖ್ಯೆ ಆಕಾರದ್ದಲ್ಲ.

ಧ್ವನಿಯದ್ದೂ ಅಲ್ಲ ಎಂಬುದಕ್ಕೆ ಮೂರು ಹಕಾರಗಳೇ ಸಾಕ್ಷಿ. ಇಥಿಯೋಪಿಯದ ಪ್ರಾಚೀನ ಗೀಜ್ ಭಾಷೆಯಲ್ಲಿ ಇವು ನಿಜವಾಗಿಯೂ ಮೂರು ಧ್ವನಿಗಳಾಗಿದ್ದವು: ಒಂದು ಬರಿಯ ಉಸಿರು, ಇನ್ನೊಂದು ಗಂಟಲಿನ ಆಳದ್ದು, ಮತ್ತೊಂದು ಗಂಟಲನ್ನು ಉಜ್ಜಿ ಬರುವಂಥದ್ದು. ಸೋದರ ಭಾಷೆಯಾದ ಅರಬ್ಬಿಯಲ್ಲಿ ಈ ಮೂರೂ ಇಂದಿಗೂ ಬೇರೆಬೇರೆಯಾಗಿ ಕೇಳುತ್ತವೆ. ಅಮ್ಹಾರಿಕ್ ಮಾತಾಡುವವರ ಬಾಯಲ್ಲಿ ಅವು ಕರಗಿ ಒಂದಾದವು, ಬರಹ ಮಾತ್ರ ಮೂರನ್ನೂ ಉಳಿಸಿಕೊಂಡಿತು. ಹೀಗೆ ಧ್ವನಿ ಒಂದಾಗಿದ್ದರೂ ಸಂಖ್ಯೆ ಮೂರು. ಇಷ್ಟೇ ಅಲ್ಲ, ಒಂದು ಅಕ್ಷರ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂಬುದನ್ನೂ ಧ್ವನಿ ತೀರ್ಮಾನಿಸುವುದಿಲ್ಲ. ನಮ್ಮ ಕಾಗುಣಿತದ ಹಾಗೆಯೇ ಫಿದೆಲ್‌ನಲ್ಲೂ ಒಂದೊಂದು ವ್ಯಂಜನಕ್ಕೆ ಸ್ವರ ಸೇರಿ ಏಳು ರೂಪಗಳಾಗುತ್ತವೆ. ಹಲ್ಲೆಲೂಯದ ಹಕಾರದ ‘ಹು’ ರೂಪಕ್ಕೆ 4609, ‘ಹಿ’ ರೂಪಕ್ಕೆ 4610, ಹೀಗೆ ‘ಹೊ’ ತನಕ 4614. ಪ್ರತಿ ರೂಪವೂ ಅಲ್ಲಿ ಒಂದು ಇಡೀ ಅಕ್ಷರ. ಕನ್ನಡದ ‘ಹು’ ಎಂಬುದನ್ನು ಯುನಿಕೋಡ್ ಇಡಿಯಾಗಿ ಎಣಿಸುವುದಿಲ್ಲ. 3257 ಎಂಬ ಹಕಾರ, 3265 ಎಂಬ ಕೊಂಬು ಎಂದು ಎರಡಾಗಿ ಇಡುತ್ತದೆ. ನುಡಿದಾಗ ಎರಡೂ ಒಂದೇ ‘ಹು’. ಎಣಿಕೆಯಲ್ಲಿ ಒಂದು ಕಡೆ ಒಂದು, ಇನ್ನೊಂದು ಕಡೆ ಎರಡು. ಆಯಾ ಬರಹವನ್ನು ಕಂಡ ಬಗೆಯೇ ಇಲ್ಲಿ ಎಣಿಕೆಯನ್ನು ನಿರ್ಧರಿಸಿದೆ.

ಹೆಸರಾದರೂ ಅಕ್ಷರವೇ ಎಂದರೆ ಅದೂ ಅಲ್ಲ. ಇದಕ್ಕೆ ದೂರ ಹೋಗಬೇಕಿಲ್ಲ, ನಮ್ಮ ಹಳಗನ್ನಡದ ೞ ಸಾಕು. ಯುನಿಕೋಡ್ ಪಟ್ಟಿಯಲ್ಲಿ 3294ನೇ ಜಾಗದಲ್ಲಿರುವ ಈ ಅಕ್ಷರಕ್ಕೆ ಆರಂಭದಲ್ಲಿ ತಪ್ಪಾಗಿ ‘ಫ’ ಎಂಬ ಹೆಸರು ಬಿತ್ತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದು ಎಂಬ ನಿಯಮ ಇರುವುದರಿಂದ ಆ ತಪ್ಪು ಹೆಸರು ಹಾಗೆಯೇ ಉಳಿದಿದೆ. ಸರಿಯಾದ ಹೆಸರನ್ನು ಪರ್ಯಾಯವಾಗಿ ಪಕ್ಕದಲ್ಲಿ ಸೇರಿಸಿದ್ದಾರೆ. ಹೆಸರು ತಪ್ಪಾಗಿದ್ದರಿಂದ ೞ ಎಂಬ ಅಕ್ಷರಕ್ಕೆ ಏನೂ ಆಗಲಿಲ್ಲ. ಪಂಪನ ಕಾವ್ಯವನ್ನು ಕಂಪ್ಯೂಟರಿನಲ್ಲಿ ಜೋಡಿಸುವವರು ಆ ಜಾಗದಿಂದಲೇ ಅದನ್ನು ತೆಗೆದುಕೊಳ್ಳುತ್ತಾರೆ, ಅದು ೞ ಆಗಿಯೇ ಬರುತ್ತದೆ.

ಆಕಾರ, ಧ್ವನಿ, ಹೆಸರು ಮೂರನ್ನೂ ಕಳೆದ ಮೇಲೆ ಉಳಿಯುವುದೇನು? ಮೀಮಾಂಸಕರನ್ನು ಕೇಳಿದರೆ ವರ್ಣ ನಿತ್ಯ ಎನ್ನುತ್ತಾರೆ. ಹತ್ತು ಜನ ಹತ್ತು ಬಗೆಯಲ್ಲಿ ಗಕಾರ ನುಡಿದರೂ ‘ಇದು ಅದೇ ಗಕಾರ’ ಎಂದು ನಾವು ಗುರುತು ಹಿಡಿಯುತ್ತೇವಲ್ಲ, ಆ ಪ್ರತ್ಯಭಿಜ್ಞೆಯೇ ಅವರಿಗೆ ಪ್ರಮಾಣ. ಕತ್ತಲಲ್ಲಿದ್ದ ಮಡಕೆಯನ್ನು ದೀಪ ತೋರಿಸುವ ಹಾಗೆ, ಮೊದಲೇ ಇರುವ ವರ್ಣವನ್ನು ನಮ್ಮ ಧ್ವನಿ ತೋರಿಸುತ್ತದೆ, ಹುಟ್ಟಿಸುವುದಿಲ್ಲ. ನೈಯಾಯಿಕರು ಇದನ್ನು ಒಪ್ಪುವುದಿಲ್ಲ. ದೀಪದ ಕುಡಿ ಕ್ಷಣಕ್ಷಣಕ್ಕೂ ಬೇರೆಯಾಗಿದ್ದರೂ ನಮಗೆ ಅದೇ ಕುಡಿ ಎನ್ನಿಸುವುದಿಲ್ಲವೇ? ಹಾಗೆಯೇ ಪ್ರತಿ ಗಕಾರವೂ ಹುಟ್ಟಿ ಸಾಯುತ್ತದೆ, ನಾವು ಗುರುತಿಸುವುದು ಅವುಗಳ ಜಾತಿಯನ್ನು ಎಂಬುದು ಅವರ ವಾದ. ಬೌದ್ಧ ತಾರ್ಕಿಕ ದಿಙ್ನಾಗ ಮೂರನೆಯ ದಾರಿ ಹಿಡಿದ. ಹಸು ಎಂಬ ಮಾತು ಹಸುತನ ಎಂಬ ಯಾವುದೋ ವಸ್ತುವನ್ನು ತೋರಿಸುವುದಿಲ್ಲ, ಹಸುವಲ್ಲದ್ದನ್ನೆಲ್ಲ ಹೊರಗಿಡುತ್ತದೆ ಎಂದ. ಇದೇ ಅಪೋಹ. ಯುನಿಕೋಡ್ ಪಟ್ಟಿಯನ್ನು ಕಂಡರೆ ದಿಙ್ನಾಗನ ಮಾತಿಗೆ ಬಲ ಬಂದಂತೆ ತೋರುತ್ತದೆ. 4608 ಎಂಬ ಸಂಖ್ಯೆಯಲ್ಲಿ ಹಕಾರದ ಯಾವ ಗುಣವೂ ಇಲ್ಲ. ಅದು 4624 ಅಲ್ಲ, 4736 ಅಲ್ಲ, ಪಟ್ಟಿಯ ಬೇರೆ ಯಾವುದೂ ಅಲ್ಲ ಎಂಬುದಷ್ಟೇ ಅದರ ಸತ್ವ.

ಆದರೆ ವಿಚಾರವನ್ನು ಇಲ್ಲಿಗೇ ನಿಲ್ಲಿಸಿದರೆ ಅರ್ಧ ಸತ್ಯದಲ್ಲಿ ನಿಂತ ಹಾಗೆ. ಯಾವುದು ಯಾವುದಲ್ಲ ಎಂದು ಹೇಳಲು ಒಬ್ಬರು ಬೇಕು. ಆ ಭೇದವನ್ನು ಕಾದುಕೊಂಡು ಬರುವವರು ಬೇಕು. ಕನ್ನಡದಲ್ಲಿ ಒಂದು ಕಾಲಕ್ಕೆ ಬಾಳ್ ಎಂದರೆ ಕತ್ತಿ, ಬಾೞ್ ಎಂದರೆ ಜೀವನ. ಕತ್ತಿಯನ್ನೂ ಬದುಕನ್ನೂ ಬೇರೆ ಮಾಡುತ್ತಿದ್ದುದು ಒಂದು ಳಕಾರ, ಒಂದು ೞಕಾರ. 13ನೇ ಶತಮಾನದಲ್ಲಿ ಕೇಶಿರಾಜ ಶಬ್ದಮಣಿದರ್ಪಣ ಬರೆಯುವಾಗ ೞ ಬರುವ ಪದಗಳನ್ನು ಪಟ್ಟಿ ಮಾಡಿ ಕೊಡಬೇಕಾಯಿತು; ಜನ ಆಗಲೇ ಎರಡನ್ನೂ ಬೆರೆಸತೊಡಗಿದ್ದರು ಎಂಬುದಕ್ಕೆ ಆ ಪಟ್ಟಿಯೇ ಸಾಕ್ಷಿ. ಕ್ರಮೇಣ ಬಾಯಿ ಭೇದವನ್ನು ಬಿಟ್ಟಿತು, ಹಿಂದೆಯೇ ಕೈಯೂ ಬಿಟ್ಟಿತು. ಇಂದು ನಮಗೆ ಇರುವುದು ಒಂದೇ ಬಾಳು. ಅಮ್ಹಾರಿಕ್‌ನಲ್ಲಿ ಬಾಯಿ ಬಿಟ್ಟರೂ ಕೈ ಬಿಡಲಿಲ್ಲ. ಕಾರಣ ಆ ಅಕ್ಷರದ ಸ್ವಭಾವದಲ್ಲಿಲ್ಲ. ಬೈಬಲ್ಲನ್ನೂ ಸಂತರ ಚರಿತ್ರೆಗಳನ್ನೂ ಪ್ರಾರ್ಥನೆಗಳನ್ನೂ ಗೀಜ್‌ನಲ್ಲಿ ನಕಲು ಮಾಡುತ್ತಲೇ ಬಂದ ಪಾದ್ರಿಗಳ, ಸಂನ್ಯಾಸಿಗಳ, ಚರ್ಚ್ ಶಾಲೆಯ ಗುರುಗಳ ನಿಷ್ಠೆಯಲ್ಲಿದೆ. ಹನೋಕನ ಗ್ರಂಥ ಎಂಬ ಪ್ರಾಚೀನ ಧರ್ಮಗ್ರಂಥ ಇಡಿಯಾಗಿ ಉಳಿದಿರುವುದು ಗೀಜ್‌ನಲ್ಲಿ ಮಾತ್ರ ಎಂಬುದನ್ನು ನೆನೆದರೆ ಆ ನಿಷ್ಠೆಯ ತೂಕ ತಿಳಿಯುತ್ತದೆ. ನಾನು ಹೇಳಬೇಕೆಂದಿರುವುದು ಇದನ್ನೇ: ಅಕ್ಷರ ಎಂದರೆ ಅಳಿಯದ್ದು ಎಂಬ ವ್ಯುತ್ಪತ್ತಿಯನ್ನು ಕೇಳುತ್ತಾ ಬೆಳೆದವರು ನಾವು, ಆದರೆ ಅಳಿಯದಿರುವುದು ಅಕ್ಷರದ ಗುಣವಲ್ಲ. ಅದು ಅದನ್ನು ಬಳಸುವವರು ಹಿಡಿದ ವ್ರತ. ಮೀಮಾಂಸಕರು ಕಂಡ ನಿತ್ಯತೆ ಸುಳ್ಳಲ್ಲ. ಅದು ಆಕಾಶದಲ್ಲಿ ತಾನಾಗಿ ಇರುವುದಿಲ್ಲ, ‘ಇದು ಅದೇ’ ಎಂದು ಪೀಳಿಗೆಯಿಂದ ಪೀಳಿಗೆಗೆ ಹೇಳಿಕೊಡುವವರ ಬಾಯಲ್ಲಿ, ಕೈಯಲ್ಲಿ ಇರುತ್ತದೆ.

ಈ ಬೆಳಕಿನಲ್ಲಿ ನೋಡಿದರೆ ಅಕ್ಷರಕ್ಕೆ ಸಂಖ್ಯೆ ಕೊಡುವ ಕೆಲಸ ಬರಿಯ ತಾಂತ್ರಿಕ ಕೆಲಸವಾಗಿ ಉಳಿಯುವುದಿಲ್ಲ. ಯುನಿಕೋಡ್‌ನ ಒಂದು ಮೂಲ ನಿಯಮ ಹೀಗಿದೆ: ಒಂದು ಅಕ್ಷರಕ್ಕೆ ಒಮ್ಮೆ ಕೊಟ್ಟ ಜಾಗವನ್ನು ಮುಂದೆ ಎಂದೂ ಕಿತ್ತುಕೊಳ್ಳುವಂತಿಲ್ಲ, ಇನ್ನೊಂದಕ್ಕೆ ಕೊಡುವಂತಿಲ್ಲ. ಇಂದು ಬರೆದ 4608 ನೂರು ವರ್ಷದ ಮೇಲೂ ಹಲ್ಲೆಲೂಯದ ಹಕಾರವಾಗಿಯೇ ಓದಿಸಿಕೊಳ್ಳಬೇಕು ಎಂಬುದು ಆ ನಿಯಮದ ಉದ್ದೇಶ. ಇದು ಪ್ರಕೃತಿಯ ನಿಯಮವಲ್ಲ, ಮನುಷ್ಯರು ಮನುಷ್ಯರಿಗೆ ಕೊಟ್ಟ ಮಾತು. ಚರ್ಮದ ಹಾಳೆಯ ಮೇಲೆ ಲಿಪಿಕಾರ ಹಿಡಿದಿದ್ದ ವ್ರತವನ್ನೇ ಇನ್ನೊಂದು ಸಾಮಗ್ರಿಯ ಮೇಲೆ ಮುಂದುವರಿಸುವ ಪ್ರಯತ್ನ ಇದು.

ಇದಕ್ಕೆ ಬರುವ ಮೊದಲ ಆಕ್ಷೇಪ ವ್ಯವಹಾರಸ್ಥರದ್ದು. ಒಂದೇ ಉಚ್ಚಾರಕ್ಕೆ ಮೂರು ಹಕಾರ, ಎರಡು ಸಕಾರ ಏಕೆ? ಮಕ್ಕಳಿಗೆ ಕಲಿಯುವ ಹೊರೆ, ನಿಘಂಟು ನೋಡುವವರಿಗೆ ಗೊಂದಲ, ಹುಡುಕಾಟದಲ್ಲಿ ಒಂದೇ ಹೆಸರು ಮೂರು ಕಾಗುಣಿತದಲ್ಲಿ ಸಿಗುವ ತೊಂದರೆ. ಹೆಚ್ಚುವರಿ ಅಕ್ಷರಗಳನ್ನು ಬಿಡೋಣ ಎಂಬ ಸಲಹೆ ಇಥಿಯೋಪಿಯದಲ್ಲೇ ಹಲವು ಸಲ ಬಂದಿದೆ. ಈ ಮಾತನ್ನು ತಳ್ಳಿಹಾಕಲಾಗದು. ಅಕ್ಷರ ಇರುವುದು ಜನರಿಗಾಗಿ; ಕಲಿಯುವ ಮಗುವಿನ ಶ್ರಮಕ್ಕೆ ಬೆಲೆಯಿದೆ. ಆದರೆ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಈ ಲಿಪಿ ಅಮ್ಹಾರಿಕ್ ಒಂದರದ್ದೇ ಅಲ್ಲ. ಇದೇ ಲಿಪಿಯಲ್ಲಿ ಬರೆಯುವ ತಿಗ್ರಿನ್ಯ ಭಾಷೆಯಲ್ಲಿ ಹಲ್ಲೆಲೂಯದ ಹಕಾರಕ್ಕೂ ಹಡಗಿನ ಹಕಾರಕ್ಕೂ ಉಚ್ಚಾರದಲ್ಲಿ ಇಂದಿಗೂ ಸ್ಪಷ್ಟ ವ್ಯತ್ಯಾಸವಿದೆ. ಒಬ್ಬರ ಕಿವಿಗೆ ಹೆಚ್ಚುವರಿಯಾದದ್ದು ನೆರೆಯವರ ಕಿವಿಗೆ ಅಗತ್ಯ. ಎರಡನೆಯದು, ಬೇರೆ ಇಟ್ಟಿದ್ದನ್ನು ಬೇಕೆಂದಾಗ ಒಂದಾಗಿ ಕಾಣಬಹುದು, ಒಮ್ಮೆ ಬೆರೆಸಿದ್ದನ್ನು ಮತ್ತೆ ಬೇರ್ಪಡಿಸಲಾಗದು. ಹುಡುಕುವಾಗ ಮೂರು ಹಕಾರಗಳನ್ನೂ ಸಮ ಎಂದು ಎಣಿಸು ಎಂದು ಯಂತ್ರಕ್ಕೆ ಹೇಳುವುದು ಸುಲಭ. ಮೂರನ್ನೂ ಒಂದೇ ಸಂಖ್ಯೆಯಲ್ಲಿ ಉಳಿಸಿದ್ದರೆ, ಹಳೆಯ ಪುಟದಲ್ಲಿ ಇದ್ದದ್ದು ಯಾವ ಹಕಾರ ಎಂದು ಯಾವ ಯಂತ್ರವೂ ಹೇಳಲಾರದು. ಬರೆಯುವವರು ಯಾವುದನ್ನು ಬಳಸಬೇಕು, ಯಾವುದನ್ನು ಬಿಡಬೇಕು ಎಂಬುದು ಆಯಾ ಭಾಷಿಕರ ತೀರ್ಮಾನ. ಕೆಲವು ಜೋಡಿ ಅಕ್ಷರಗಳನ್ನು ಎರಿಟ್ರಿಯದ ತಿಗ್ರಿನ್ಯ ಬರಹ ಕೈಬಿಟ್ಟಿದೆ, ಅದು ಅವರ ಹಕ್ಕು. ಪಟ್ಟಿಯ ಕರ್ತವ್ಯ ಬೇರೆ: ಯಾರ ಭೇದವನ್ನೂ ತಾನಾಗಿ ಅಳಿಸದಿರುವುದು.

ಎರಡನೆಯ ಆಕ್ಷೇಪ ಭಕ್ತರದ್ದು, ಅದು ಇನ್ನೂ ಆಳವಾದದ್ದು. ದೇವರ ಸ್ತುತಿಗೆ ಮೀಸಲಾದ ಅಕ್ಷರವನ್ನು ಸಂಖ್ಯೆಯಾಗಿ ಮಾಡುವುದು ಅದನ್ನು ಬರಿದು ಮಾಡಿದಂತಲ್ಲವೇ? ಇಥಿಯೋಪಿಯದ ಹಸ್ತಪ್ರತಿಗಳಲ್ಲಿ ಮೇರಿ ಮಾತೆಯ ಹೆಸರನ್ನೂ ಸಂತರ ಹೆಸರನ್ನೂ ಕೆಂಪು ಶಾಯಿಯಲ್ಲಿ ಬರೆಯುತ್ತಾರೆ. ಆ ಹೆಸರು ಬಂದಾಗಲೆಲ್ಲ ಲಿಪಿಕಾರ ಕಪ್ಪು ಲೇಖನಿಯನ್ನು ಇಟ್ಟು ಕೆಂಪನ್ನು ಎತ್ತಿಕೊಳ್ಳಬೇಕು. ಆ ಒಂದು ಕ್ಷಣದ ನಿಲುಗಡೆಯೇ ಒಂದು ನಮಸ್ಕಾರ. 4608ಕ್ಕೆ ಬಣ್ಣವಿಲ್ಲ. ಕೆಂಪಿನಲ್ಲಿ ಬರೆದದ್ದಕ್ಕೂ ಕಪ್ಪಿನಲ್ಲಿ ಬರೆದದ್ದಕ್ಕೂ ಅದೇ ಸಂಖ್ಯೆ. ಇದು ನಿಜವಾದ ನಷ್ಟ, ಒಪ್ಪಿಕೊಳ್ಳಬೇಕು. ಬರಹದಲ್ಲಿರುವ ಭಕ್ತಿಯನ್ನು ಸಂಖ್ಯೆ ಹೊತ್ತು ತರುವುದಿಲ್ಲ. ಆದರೆ ಸಂಖ್ಯೆ ಎಂಬ ಕಾರಣಕ್ಕೇ ಅದು ಪಾವನವಲ್ಲ ಎಂಬ ಮಾತು ನಿಲ್ಲುವುದಿಲ್ಲ. ಜೈನ ಮುನಿ ಕುಮುದೇಂದುವಿನ ಹೆಸರಿನಲ್ಲಿರುವ ಸಿರಿಭೂವಲಯವನ್ನು ನೋಡಿ. ಅದರ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ, ಆದರೆ ಅದರ ರಚನೆ ಕಣ್ಣೆದುರಿಗಿದೆ. ಅಡ್ಡಕ್ಕೆ 27, ಉದ್ದಕ್ಕೆ 27, ಒಟ್ಟು 729 ಮನೆಗಳ ಚಕ್ರಗಳಲ್ಲಿ ಬರಿಯ ಅಂಕಿಗಳೇ ತುಂಬಿವೆ. 1ರಿಂದ 64ರ ತನಕ ಒಂದೊಂದು ಅಂಕಿಗೂ ಒಂದೊಂದು ಧ್ವನಿ. ಅಂಕಿಗಳನ್ನು ನಿಯಮದಂತೆ ಓದಿದರೆ ಕನ್ನಡ ಪದ್ಯ ಹೊರಡುತ್ತದೆ. ಧರ್ಮವನ್ನು ಅಂಕಿಯಲ್ಲಿ ಇಡುವುದು ಅದನ್ನು ಕಟ್ಟಿದವರಿಗೆ ಅಪಚಾರವಾಗಿ ತೋರಲಿಲ್ಲ. ಚರ್ಮವೂ ಶಾಯಿಯೂ ತಾವಾಗಿ ಪವಿತ್ರವಾಗಿರಲಿಲ್ಲ, ಒಂದು ಮಾತನ್ನು ಕೆಡದಂತೆ ಮುಂದಿನವರಿಗೆ ದಾಟಿಸಿದ್ದರಿಂದ ಪವಿತ್ರವಾದವು. ಸಂಖ್ಯೆಯೂ ಅದನ್ನೇ ಮಾಡುವುದಾದರೆ ಅದಕ್ಕೂ ಆ ಗೌರವ ಸಲ್ಲಬೇಕು. ಕೆಂಪು ಶಾಯಿಯನ್ನು ಎತ್ತಿಕೊಳ್ಳುವ ಕೈ ಮಾತ್ರ ಓದುವವರದ್ದೂ ಬರೆಯುವವರದ್ದೂ ಆಗಿಯೇ ಉಳಿಯುತ್ತದೆ. ಆ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬಾರದು.

ಮೂರನೆಯ ಆಕ್ಷೇಪ ಅಧಿಕಾರದ್ದು. ಆಫ್ರಿಕದ ಒಂದು ಲಿಪಿಗೆ ಅಸ್ತಿತ್ವ ಕೊಡಲು ಯುನಿಕೋಡ್ ಪಟ್ಟಿಯನ್ನು ನಡೆಸುವ ದೂರದ ಒಂದು ಸಮಿತಿ ಯಾರು? ಪಟ್ಟಿಯ ಚರಿತ್ರೆಯೇ ಈ ಅನುಮಾನವನ್ನು ಹುಟ್ಟಿಸುತ್ತದೆ. 1991ರ ಮೊದಲ ಆವೃತ್ತಿಯಲ್ಲಿ ರೋಮನ್ ಇತ್ತು, ಕನ್ನಡವೂ ಇತ್ತು. ಇಥಿಯೋಪಿಯದ ಲಿಪಿ ಸೇರಿದ್ದು 1999ರ ಮೂರನೆಯ ಆವೃತ್ತಿಯಲ್ಲಿ. ಅರಸ ಎಜಾನಾ 4ನೇ ಶತಮಾನದಲ್ಲಿ ಅಕ್ಸುಮ್‌ನ ಕಲ್ಲಿನ ಮೇಲೆ ಕೆತ್ತಿಸಿದ ಬರಹದ ವಂಶ ಅದು. ಪಟ್ಟಿಗೆ ಸೇರುವ ತನಕ ಆ ಲಿಪಿಯ ಒಂದೊಂದು ಫಾಂಟಿಗೂ ಒಂದೊಂದು ಎಣಿಕೆ. ಒಂದು ಫಾಂಟಿನಲ್ಲಿ ಬರೆದದ್ದು ಇನ್ನೊಂದು ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣುತ್ತಿತ್ತು. ಯುನಿಕೋಡ್‌ಗೆ ಮುಂಚಿನ ಕನ್ನಡ ಫಾಂಟುಗಳಲ್ಲಿ ಕೆಲಸ ಮಾಡಿದವರಿಗೆ ಈ ಸಂಕಟವನ್ನು ವಿವರಿಸಬೇಕಿಲ್ಲ. ಸಮಿತಿ ಅಕ್ಷರವನ್ನು ಸೃಷ್ಟಿಸುತ್ತದೆ ಎಂದಾಗಿದ್ದರೆ ಈ ಆಕ್ಷೇಪಕ್ಕೆ ಉತ್ತರವೇ ಇರುತ್ತಿರಲಿಲ್ಲ. ಆದರೆ ಅದು ಮಾಡಬಹುದಾದದ್ದು ಈಗಾಗಲೇ ಜನ ಕಾದುಕೊಂಡಿರುವ ಭೇದಕ್ಕೆ ಮನ್ನಣೆ ಕೊಡುವುದನ್ನಷ್ಟೇ. ತಡವಾದದ್ದು ಅನ್ಯಾಯ, ಅದಕ್ಕೆ ಪರಿಹಾರ ಪಟ್ಟಿಯನ್ನು ತೆರೆದಿಡುವುದು. 2005ರಲ್ಲಿ, 2010ರಲ್ಲಿ ಇದೇ ಲಿಪಿಗೆ ಇನ್ನಷ್ಟು ಅಕ್ಷರಗಳು ಸೇರಿದವು. 2021ರಲ್ಲಿ ಗುರಾಗೆ ಭಾಷೆಗಳ ಬರಹಕ್ಕೆ ಬೇಕಾದವು ಸೇರಿದವು. ತಮ್ಮ ಬರಹದ ಭೇದಗಳನ್ನು ಸಾಕ್ಷಿಸಮೇತ ಮುಂದಿಟ್ಟಾಗ ಪಟ್ಟಿ ಬೆಳೆಯಬೇಕಾಗುತ್ತದೆ ಎಂಬುದಕ್ಕೆ ಇವು ನಿದರ್ಶನ. ಇನ್ನೂ ಹೊರಗಿರುವವರ ವಿಷಯದಲ್ಲಿ ಸುಮ್ಮನಿರುವುದಕ್ಕೆ ಇದು ನೆಪವಾಗಬಾರದು.

ಇಷ್ಟಾದ ಮೇಲೂ ಸಂಖ್ಯೆಯ ಮಿತಿಯನ್ನು ಮರೆಯುವಂತಿಲ್ಲ. ನಮ್ಮ ೞಕಾರಕ್ಕೆ ಪಟ್ಟಿಯಲ್ಲಿ ಶಾಶ್ವತ ಜಾಗವಿದೆ, ಆದರೂ ಕತ್ತಿಯ ಬಾಳನ್ನೂ ಬದುಕಿನ ಬಾಳನ್ನೂ ನಾವು ಬೇರೆಯಾಗಿ ಬರೆಯುವುದಿಲ್ಲ. ಜಾಗ ಕಾದಿರಿಸಿದ್ದರಿಂದ ಅಕ್ಷರ ಬದುಕುವುದಿಲ್ಲ. ಬದುಕಿಸುವವರು ಬಂದಾಗ ಅವರಿಗೆ ಅದು ಸಿಗುತ್ತದೆ, ಅಷ್ಟೇ. ಹಲ್ಲೆಲೂಯದ ಹಕಾರ ಇಂದು ಜೀವಂತವಾಗಿರುವುದು 4608ರಿಂದಲ್ಲ. ಇದು ಹಡಗಿನದಲ್ಲ, ಬಹುಜನರದಲ್ಲ, ಹಲ್ಲೆಲೂಯದ್ದು ಎಂದು ಮಗುವಿಗೆ ತಿದ್ದಿ ಹೇಳುವ ಗುರು ಇನ್ನೂ ಇರುವುದರಿಂದ. ಕನ್ನಡ ಓದುವ ಮಿತ್ರರಲ್ಲಿ ನನ್ನ ಕೋರಿಕೆ ಇಷ್ಟೇ: ಮನೆಯಲ್ಲೋ ಶಾಲೆಯಲ್ಲೋ ಒಂದು ಮಗುವಿಗೆ ಹಳಗನ್ನಡದ ಒಂದು ಸಾಲು ಓದಿಸುವ ಅವಕಾಶ ಸಿಕ್ಕರೆ, ೞ ಬಂದಲ್ಲಿ ಅದನ್ನು ಳ ಎಂದು ದಾಟಿಸಿಬಿಡಬೇಡಿ. ಒಂದು ಗಳಿಗೆ ನಿಂತು, ಇದು ಬೇರೆ ಅಕ್ಷರ ಎಂದು ತೋರಿಸಿ.